ಮೇಕೆಯ ಬಾಯಿಗೆ ಎಟುಕದ ಎತ್ತರ

ಜೂನ್ ೩

ಬಾಯಿ ಸುಮ್ಮನಿರಲಿಲ್ಲ. ಅರಣ್ಯ ಇಲಾಖೆಯ ಆಫೀಸಿನಲ್ಲಿ ಎಲ್ಲರೆದುರು ಮಾತು ಕೊಟ್ಟು ಬಂದಿದ್ದೇನೆ. ಅಕ್ಟೋಬರಿನಲ್ಲಿ ರೇಂಜರ್ ಮೇಡಂ ಎಣಿಸಲು ಬಂದಾಗ ಗುಡ್ಡದ ಇಳಿಜಾರಿನಲ್ಲಿ ಇನ್ನೂರು ಜೀವಂತ ಸಸಿ ತೋರಿಸುತ್ತೇನಂತೆ! ತೋರಿಸದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಅಲ್ಲೇ ಹೇಳಿದರು. ಮರಿಮರ ಹುಟ್ಟದ ಕಾಡನ್ನು ಕಾಡು ಎಂದು ಇಟ್ಟುಕೊಳ್ಳುವುದಿಲ್ಲ, ಇಳಿಜಾರು ಕಲ್ಲು ಕ್ವಾರಿಗೆ ಹೋಗುತ್ತದೆ. ಕ್ವಾರಿ ಬಂದರೆ ಬುಡದಲ್ಲಿರುವ ಒರತೆ ನಿಲ್ಲುತ್ತದೆ. ನಮ್ಮ ಮನೆಯ ಕೊಡ, ಹಂಡೆ, ಮೇಕೆಗಳ ಬಾನಿ ಎಲ್ಲ ತುಂಬುವುದು ಆ ಒರತೆಯಿಂದಲೇ.

ಮೇಡಂ ಕೆಟ್ಟವರಲ್ಲ. "ನೋಡಿ ಅಮ್ಮ, ನೀವು ಬೇಲಿ ಹಾಕಿಸಿ ಅಂತೀರಿ. ಸಸಿ ಇರೋ ಜಾಗಕ್ಕೆ ಮಾತ್ರ ಬೇಲಿ ಅಂತ ಮೇಲಿನವರು ಅಂತಾರೆ. ನಾನೇನು ಮಾಡ್ಲಿ?" ಎಂದರು. ಬೇಲಿ ಇಲ್ಲದೆ ಸಸಿ ಬರುವುದಿಲ್ಲ, ಸಸಿ ಬರದೆ ಬೇಲಿ ಬರುವುದಿಲ್ಲ. ಇದನ್ನು ಯೋಚಿಸಿದ ಪುಣ್ಯಾತ್ಮರಿಗೆ ಒಂದು ಸನ್ಮಾನ ಮಾಡಬೇಕು.

ಹದಿನೈದು ವರ್ಷದಿಂದ ಇಲಾಖೆಯ ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವವಳು ನಾನು. ಚೀಲದಲ್ಲಿ ಬೆಳೆಸಿದ ಸಸಿಗಳನ್ನು ಆ ಗುಡ್ಡದಲ್ಲಿ ಮೂರು ಸಲ ನೆಟ್ಟೆವು. ಬೇರು ಚೀಲದೊಳಗೇ ಸುತ್ತಿಕೊಂಡು, ಕಲ್ಲುನೆಲಕ್ಕೆ ಇಳಿಯಲಾರದೆ ಮೂರು ಸಲವೂ ಸತ್ತವು. ಬೀಜವನ್ನೇ ನೇರವಾಗಿ ನೆಲಕ್ಕೆ ಹಾಕಬೇಕು, ಬೇರೆ ದಾರಿಯಿಲ್ಲ. ಈ ವರ್ಷ ಗುಡ್ಡದ ಮುದಿಮರಗಳು ಮೈತುಂಬ ಕಾಯಿ ಬಿಟ್ಟಿವೆ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಹೀಗೆ ಬಿಡುತ್ತವೆ. ಇನ್ನೊಂದು ಸಲಕ್ಕೆ ಅವುಗಳಲ್ಲಿ ಎಷ್ಟು ನಿಂತಿರುತ್ತವೋ ಏನೋ. ಇಡೀ ಗುಡ್ಡದಲ್ಲಿ ನನ್ನ ಸೊಂಟದೆತ್ತರದ್ದೊಂದು ಮರಿಮರ ಇಲ್ಲ. ಮರಗಳ ವೃದ್ಧಾಶ್ರಮ ಅದು.

ಚಿಗುರನ್ನೆಲ್ಲ ತಿಂದು ಹೀಗೆ ಮಾಡಿದವರು ಯಾರು ಎಂದು ಕೇಳಿದರೆ ನಾನು ಬೆರಳು ತೋರಿಸಬೇಕಾದ್ದು ನಮ್ಮ ಮನೆಯ ಕೊಟ್ಟಿಗೆಗೇ. ನನ್ನ ಗಂಡ ಮೇಕೆ ಮೇಯಿಸುತ್ತಾನೆ. ಸಂಜೆ ವಿಷಯ ಹೇಳಿದೆ. "ಸರಿ, ಅಕ್ಟೋಬರ್ ತನಕ ಗುಡ್ಡದ ಕಡೆ ಹೋಗಲ್ಲ. ಹೊಳೆದಂಡೇಲಿ ಮೇಯಿಸ್ಕೋತೀನಿ," ಎಂದ. ಇಷ್ಟು ಸಲೀಸಾಗಿ ಒಪ್ಪಿದ್ದಕ್ಕೇ ನನಗೆ ಅನುಮಾನ. ಗೋಡೆಗೊರಗಿ ಕೂತಿದ್ದ ಅತ್ತೆ, "ಗಂಡ ತಿನ್ನಿಸೋನು, ಹೆಂಡತಿ ಬೆಳೆಸೋಳು. ಚೆನ್ನಾಗಿದೆ ಸಂಸಾರ," ಎಂದು ನಕ್ಕರು. ಈ ಮನೆಯಲ್ಲಿ ಯಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜೂನ್ ೮

ಮೊದಲ ಸುತ್ತು ಬಿತ್ತಿದ್ದಾಯಿತು. ಬೆನ್ನು ನನ್ನದೋ ಬೇರೆಯವರದೋ ತಿಳಿಯುತ್ತಿಲ್ಲ. ಒಂದೊಂದು ಬೀಜಕ್ಕೂ ಬೆರಳುದ್ದದ ಗುಳಿ, ಮೇಲೆ ಮಣ್ಣು, ಮಣ್ಣಿನ ಮೇಲೆ ಒಂದು ಮುಳ್ಳುಕೊಂಬೆ, ಪಕ್ಕದಲ್ಲಿ ಸುಣ್ಣ ಬಳಿದ ಕಡ್ಡಿ. ಕಡ್ಡಿಯ ಉಪಾಯ ನನ್ನದೇ. ನಾಳೆ ಹುಲ್ಲು ಬೆಳೆದ ಮೇಲೆ ಯಾವ ಬೀಜ ಎಲ್ಲಿದೆ ಎಂದು ಹುಡುಕುತ್ತ ಕೂರಲಾಗುತ್ತದೆಯೇ? ಎಣಿಕೆಗೂ ಅನುಕೂಲ. ಬಂಡೆಯ ಮೇಲೆ ನಿಂತು ನೋಡಿದರೆ ಇಳಿಜಾರಿನ ತುಂಬ ಬಿಳಿ ಚುಕ್ಕಿಗಳು. ನೋಡಿ ಹೊಟ್ಟೆ ತುಂಬಿತು.

ಈ ಬೀಜ ಗೋಲಿಗಿಂತ ಸ್ವಲ್ಪ ದಪ್ಪ, ಒಣಗಿದರೆ ಸತ್ತಹಾಗೆ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಎನ್ನುವಂತಿಲ್ಲ. ಉಳಿದದ್ದನ್ನು ಅಡುಗೆಮನೆಯಲ್ಲಿ ಒದ್ದೆ ಮರಳಿನ ಡ್ರಮ್ಮಿನೊಳಗೆ ಹೂತಿಟ್ಟಿದ್ದೇನೆ. "ಒಲೆ ಪಕ್ಕ ಮರಳು ಸುರ್ಕೊಂಡಿದ್ದೀಯಲ್ಲೇ, ಮಹಡಿ ಕಟ್ಟಿಸ್ತೀಯಾ?" ಎಂದರು ಅತ್ತೆ. ಹೌದು, ಐದು ಮಹಡಿ ಎಂದೆ.

ಜೂನ್ ೧೩

ಎಲ್ಲ ಹೋಯಿತು.

ಗುಳಿ ಗುಳಿಯೂ ಬಗೆದು ಬಿದ್ದಿದೆ. ಮುಳ್ಳುಕೊಂಬೆ ಪಕ್ಕಕ್ಕೆ ಸರಿದಿದೆ, ಬೀಜದ ಸಿಪ್ಪೆ ಚೂರು ಚೂರಾಗಿ ಕಡ್ಡಿಯ ಬುಡದಲ್ಲೇ ಬಿದ್ದಿದೆ. ಮೊದಲ ಸಾಲು ನೋಡಿದೆ, ಎರಡನೆಯದು ನೋಡಿದೆ, ಆಮೇಲೆ ಅಲ್ಲೇ ಕೂತುಬಿಟ್ಟೆ. ಇಡೀ ಇಳಿಜಾರಿನಲ್ಲಿ ನೆಟ್ಟಗೆ ನಿಂತಿದ್ದವು ನನ್ನ ಕಡ್ಡಿಗಳು ಮಾತ್ರ.

ಮೂಲೆಯಲ್ಲಿ ಹಿಕ್ಕೆ ಬಿದ್ದಿತ್ತು. ಬೆಚ್ಚಗಿಲ್ಲದಿದ್ದರೂ ಹೊಸದು. ಮೇಕೆ ಹಿಕ್ಕೆ ನನಗೆ ಗೊತ್ತಾಗದೆ ಇರುತ್ತದೆಯೇ, ಇಪ್ಪತ್ತು ವರ್ಷ ಗುಡಿಸಿದವಳು.

ಮನೆಗೆ ಬಂದವಳೇ ಗಂಡನನ್ನು ಕೇಳಿದೆ. ಆ ಮನುಷ್ಯ ತಲೆ ಕೆರೆದುಕೊಂಡು, "ಮೊನ್ನೆ ಮಧ್ಯಾಹ್ನ ಜಡ್ಜ್ ಒಬ್ಬನೇ ತಪ್ಪಿಸ್ಕೊಂಡು ಹತ್ತಿದ್ದ. ತಕ್ಷಣ ಹಿಡ್ಕೊಂಡು ಬಂದೆ," ಎಂದ. ಜಡ್ಜ್ ಎಂದರೆ ಹಿಂಡಿನ ಮುಂದಾಳು ಹೋತ. ಉದ್ದ ಗಡ್ಡ, ಯಾರನ್ನೂ ನಂಬದ ಕಣ್ಣು. ಹೆಸರಿಟ್ಟವರು ಅತ್ತೆ.

"ಒಬ್ಬನೇ ಇಷ್ಟೂ ತಿಂದನಾ?"

"ಅವನು ಬೀಜ ಬಗೆಯಲ್ಲ ಕಣೇ. ಎಲೆ ತಿನ್ನೋನು."

"ನಿಮ್ಮ ಮೇಕೆ ಮುಳ್ಳೇ ತಿನ್ನುತ್ತೆ, ಬೀಜ ಬಿಡುತ್ತಾ? ನನ್ನ ಕಣ್ಣಿಗೆ ಮಣ್ಣೆರಚಬೇಡಿ."

ತಟ್ಟೆ ಸರಿಸಿ ಎದ್ದು ಹೋದ. ಹೋಗಲಿ.

ಜೂನ್ ೧೪

ಮಾತಿಲ್ಲ. ಅತ್ತೆಯ ಮೂಲಕ ಉಪ್ಪು ಕೇಳಿಸುತ್ತಾನೆ.

ಜೂನ್ ೨೦

ಎರಡನೆಯ ಸುತ್ತೂ ಹೋಯಿತು. ಈ ಸಲ ಗುಳಿ ಆಳ ಮಾಡಿದ್ದೆ, ಮುಳ್ಳು ಜಾಸ್ತಿ ಹಾಕಿದ್ದೆ, ಕಡ್ಡಿಗೆ ಮತ್ತೆ ಸುಣ್ಣ ಬಳಿದು ಚೆನ್ನಾಗಿ ಕಾಣುವಂತೆ ನೆಟ್ಟಿದ್ದೆ. ಮೂರೇ ದಿನ. ಡ್ರಮ್ಮಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದೆ.

ಗುಡ್ಡದ ಮೇಲೆ ನಿಂತು ಜೋರಾಗಿ ಬೈದೆ. ಯಾರನ್ನು ಎಂದು ಕೇಳಿದರೆ ಗೊತ್ತಿಲ್ಲ. ಮುದಿಮರಗಳು ಸುಮ್ಮನೆ ಕೇಳಿಸಿಕೊಂಡವು. ಅವುಗಳ ಕೆಳಗೆ ಇನ್ನೊಂದಿಷ್ಟು ಬೀಜ ಸಿಗುತ್ತದೆಯೋ ಎಂದು ತಡಕಿದೆ. ಎಲ್ಲ ಟೊಳ್ಳು, ಹುಳ ತಿಂದದ್ದು. ಒಳ್ಳೆಯದೆಲ್ಲ ನನ್ನ ಡ್ರಮ್ಮಿನಲ್ಲೇ ಇದೆ, ಅಂದರೆ ಈ ಕಾಡಿನ ಮುಂದಿನ ಪೀಳಿಗೆ ನಮ್ಮ ಒಲೆಯ ಪಕ್ಕದಲ್ಲಿದೆ.

ಬಾಯಿಬಿಟ್ಟು ಅಳಬೇಕು ಅನ್ನಿಸಿತು. ಅತ್ತರೆ ಬೀಜ ಬರುತ್ತದೆಯೇ? ಎದ್ದು ನೆಟ್ಟಗೆ ಆಫೀಸಿಗೆ ಹೋದೆ. ಮೇಡಂ ಮುಂದೆ ನಿಂತು, ನನ್ನ ಗಂಡನ ಮೇಕೆಗಳು ಬೀಜ ತಿನ್ನುತ್ತಿವೆ, ಹಿಡಿಸಿ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಯೋಚನೆ ಮಾಡಿದ್ದೀರಾ ಅಮ್ಮ?" ಎಂದು ಕೇಳಿದರು. ಮಾಡಿದ್ದೇನೆ ಎಂದೆ. ಸುಳ್ಳು. ಯೋಚನೆ ಮಾಡುವಷ್ಟು ತಲೆ ನೆಟ್ಟಗಿದ್ದರೆ ತಾನೆ.

ಜೂನ್ ೨೩

ಇವತ್ತು ಲಾರಿ ಬಂತು. ಒಂದೊಂದನ್ನೇ ಕಾಲು ಹಿಡಿದು ಎತ್ತಿ ಹಾಕಿಕೊಂಡರು. ಆಫೀಸಿನ ಹಿಂದಿನ ದೊಡ್ಡಿಯಲ್ಲಿ ಕೂಡುತ್ತಾರಂತೆ, ಅಕ್ಟೋಬರ್ ತನಕ. ಜಡ್ಜ್‌ನನ್ನು ಎತ್ತಲು ನಾಲ್ಕು ಜನ ಬೇಕಾಯಿತು.

ಆ ಮನುಷ್ಯ ಬಾಗಿಲ ಬಳಿ ನಿಂತಿದ್ದ. "ನೀನು ಹೇಳಿದ್ದಾ?" ಎಂದು ಕೇಳಿದ.

"ಹೌದು."

ಟವೆಲ್ ಹೆಗಲಿಗೆ ಹಾಕಿಕೊಂಡು ಲಾರಿ ಹೋದ ರಸ್ತೆಯಲ್ಲೇ ನಡೆದುಹೋದ. ಬೈದಿದ್ದರೆ ನಾನೂ ನಾಲ್ಕು ಮಾತು ಬೈಯಬಹುದಿತ್ತು.

ಅತ್ತೆ ಇವತ್ತು ನನ್ನನ್ನು ಒಂದು ಸಲವೂ ಗೇಲಿ ಮಾಡಲಿಲ್ಲ. ಅದೇ ಹೆದರಿಕೆ.

ಜೂನ್ ೨೬

ದೊಡ್ಡಿಯ ಗೋಡೆಯ ಪಕ್ಕದಲ್ಲೇ ಮಲಗುತ್ತಾನಂತೆ. ಸೊಪ್ಪು ಕಡಿದು ತಂದು ಹಾಕುತ್ತಾನಂತೆ. ಬುತ್ತಿ ಕಟ್ಟಿ ಕಳಿಸಿದೆ, ಬುತ್ತಿ ಹಾಗೇ ವಾಪಸ್ ಬಂತು. ಸರಿ, ನನಗೂ ಸೊಕ್ಕಿದೆ. ನಾನೂ ಬಿತ್ತುತ್ತೇನೆ. ಈಗ ತಿನ್ನುವವರು ಯಾರು, ನೋಡೋಣ.

ಜುಲೈ ೨

ಒಳ್ಳೆಯ ಮಳೆ. ತಿಂಗಳಿಂದ ಹಿಂಡು ಮೇಯದ ಗುಡ್ಡದಲ್ಲಿ ಹುಲ್ಲು ಮೊಣಕಾಲು ದಾಟಿದೆ. ಅದರ ಮಧ್ಯೆ ನನ್ನ ಬಿಳಿ ಕಡ್ಡಿಗಳ ತುದಿ ಮಾತ್ರ ಕಾಣುತ್ತದೆ.

ಮೂರನೆಯ ಸುತ್ತಿನ ಬೀಜ ಮೊದಲಿನ ಎರಡಕ್ಕಿಂತ ಬೇಗ ಹೋಯಿತು. ಬಿತ್ತಿದ ಮಾರನೆಯ ದಿನವೇ ಗುಳಿ ಖಾಲಿ.

ಮೇಕೆಗಳಿಲ್ಲ. ಒಂದೂ ಇಲ್ಲ. ಹಾಗಾದರೆ ಯಾರು?

ಕಾವಲು ಕೂತು ನೋಡಿಯೇ ಬಿಡುತ್ತೇನೆ.

ಜುಲೈ ೫

ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೋಗಿ ಬಂಡೆಯ ಹಿಂದೆ ಕೂತೆ, ಕೈಯಲ್ಲಿ ದೊಣ್ಣೆ ಹಿಡಿದುಕೊಂಡು. ಹಿಂದಿನ ಸಂಜೆಯೇ ಹತ್ತು ಗುಳಿ ಬಿತ್ತಿ, ಹತ್ತು ಕಡ್ಡಿ ನೆಟ್ಟಿದ್ದೆ. ಕಳ್ಳ ಯಾರೇ ಆಗಲಿ ಕಾಲು ಮುರಿಯಬೇಕು ಎಂದು.

ಮೊದಲು ಬಂದದ್ದು ಒಂದು ಕಾಗೆ. ಹಾರಿ ಬಂದು ಕೂತು, ಆಮೇಲೆ ನಡೆಯಿತು. ಕರೆಂಟ್ ಮೀಟರ್ ಓದುವವನ ಹಾಗೆ ಒಂದು ಕಡ್ಡಿಯ ಮುಂದೆ ನಿಲ್ಲುವುದು, ಮುಳ್ಳು ಸರಿಸುವುದು, ಬಗೆಯುವುದು, ಮುಂದಿನ ಕಡ್ಡಿಗೆ ಹೋಗುವುದು. ಅತ್ತಿತ್ತ ಒಂದು ಸಲವೂ ಕೊಕ್ಕು ಹಾಕಿ ಹುಡುಕಲಿಲ್ಲ. ಹಿಂದೆಯೇ ಎರಡು ಅಳಿಲು. ಅವೂ ಕಡ್ಡಿಯಿಂದ ಕಡ್ಡಿಗೆ. ಹತ್ತು ಗುಳಿ ಮುಗಿಯಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ನಾನು ಏಳಲಿಲ್ಲ. ದೊಣ್ಣೆ ಕೈಯಲ್ಲೇ ಇತ್ತು.

ಆಮೇಲೆ ಹೋಗಿ ಹುಲ್ಲು ಬಿಡಿಸಿ ನೋಡಿದೆ. ಬುಡದಲ್ಲಿ ಇಲಿಗಳು ಓಡಾಡಿ ಸವೆದ ಸಣ್ಣ ಸಣ್ಣ ದಾರಿ, ಊರಿನ ಓಣಿಗಳ ಹಾಗೆ. ಮೇಲೆ ಹುಲ್ಲಿನ ಚಾವಣಿ. ಹದ್ದಿಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಮೇಕೆಗಳಿದ್ದಾಗ ಹುಲ್ಲು ಗಿಡ್ಡವಿತ್ತು, ಇಲಿಗೆ ಬಯಲಲ್ಲಿ ಓಡಾಡುವ ಧೈರ್ಯವಿರಲಿಲ್ಲ. ಮೇಕೆ ಓಡಿಸಿ ಇಲಿಗೆ ಮನೆ ಕಟ್ಟಿಸಿಕೊಟ್ಟವಳು ನಾನು.

ಅತ್ತೆಗೆ ಹೇಳಿದೆ. ಇಷ್ಟು ದಿನದ ಮೇಲೆ ಬಾಯಿಬಿಟ್ಟರು. "ಊಟ ಇಲ್ಲಿ ಸಿಗುತ್ತೆ ಅಂತ ಬೋರ್ಡ್ ಹಾಕಿದ್ದೀಯಲ್ಲೇ ತಾಯಿ. ಬರ್ದೆ ಇರ್ತಾರಾ ಗಿರಾಕಿಗಳು?" ಎಂದರು. ನಗಲಿಲ್ಲ, ನಾನೂ ನಗಲಿಲ್ಲ.

ಜುಲೈ ೬

ಕಡ್ಡಿ ಎಲ್ಲ ಕಿತ್ತು ತಂದು ಒಲೆಗೆ ಹಾಕಿದೆ. ಅವನು ಬೀಜ ಬಗೆಯಲ್ಲ ಕಣೇ, ಎಲೆ ತಿನ್ನೋನು ಎಂದು ಇವರು ಹೇಳಿದ್ದರು. ಹೇಳಿದ್ದರು. ಕಿವಿಯಲ್ಲಿ ಅದೇ ಮಾತು.

ಡ್ರಮ್ಮಿನಲ್ಲಿ ಉಳಿದ ಬೀಜಗಳು ಬೇರು ಬಿಡಲು ಶುರುಮಾಡಿವೆ. ಇನ್ನು ಅವು ಕಾಯುವುದಿಲ್ಲ.

ಜುಲೈ ೮

ಆಫೀಸಿಗೆ ಹೋದೆ.

ಮೇಡಂಗೆ ಕಾಗೆ, ಅಳಿಲು, ಇಲಿ, ಹುಲ್ಲು ಎಲ್ಲ ಹೇಳಿದೆ. ಮೇಕೆಗಳನ್ನು ಬಿಡಿ, ಗುಡ್ಡವನ್ನು ಒಂದು ಸಲ ಬೋಳು ಮೇಯಿಸಿ ಆಮೇಲೆ ಬಿತ್ತುತ್ತೇನೆ ಎಂದೆ. "ಹಿಡೀರಿ ಅಂದೋರೂ ನೀವೇ, ಬಿಡಿ ಅನ್ನೋರೂ ನೀವೇ," ಎಂದರು. ಆದರೆ ಕೂಡಿಸಿಕೊಂಡು ಕೇಳಿದರು. "ಕಡ್ಡಿ ಇಲ್ದೆ ಬಿತ್ತಿದ್ರೆ ಅಕ್ಟೋಬರ್‌ನಲ್ಲಿ ನನಗೆ ಹೇಗೆ ತೋರಿಸ್ತೀರಿ? ಹುಲ್ಲು ಮತ್ತೆ ಬೆಳೆಯುತ್ತಲ್ಲ. ಕಣ್ಣಿಗೆ ಕಂಡದ್ದನ್ನ ಮಾತ್ರ ನಾನು ಎಣಿಸೋಕಾಗೋದು, ಅಮ್ಮ."

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಗುರುತು ಹಾಕಿದರೆ ಬೀಜ ಉಳಿಯುವುದಿಲ್ಲ, ಹಾಕದಿದ್ದರೆ ಸಸಿ ಸಿಗುವುದಿಲ್ಲ.

ದೊಡ್ಡಿಯ ಹತ್ತಿರ ಹೋದಾಗ ಇವರು ಗೋಡೆಗೊರಗಿ ಕೂತಿದ್ದರು. ಗಡ್ಡ ಬಿಟ್ಟು ಜಡ್ಜ್‌ನ ಅಣ್ಣನ ಹಾಗೆ ಕಾಣುತ್ತಿದ್ದರು. ಮೇಕೆಗಳ ಪಕ್ಕೆಲುಬು ಕಾಣುತ್ತಿತ್ತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ತಪ್ಪಾಯ್ತು ರೀ," ಎಂದೆ. "ನಿಮ್ಮ ಮೇಕೆ ಅಲ್ಲ. ನನ್ನ ಕಡ್ಡಿ."

ಇವರು ದೊಡ್ಡಿಯ ಕಡೆ ತಿರುಗಿದರು. ಆಮೇಲೆ, "ಜಡ್ಜ್ ಎರಡು ದಿನದಿಂದ ನೀರು ಮುಟ್ಟಿಲ್ಲ," ಎಂದರು.

ನಾನು ಬಕೆಟ್ ಹಿಡಿದೆ. ಅವನು ನನ್ನ ಕೈಯಿಂದಲೂ ಮುಟ್ಟಲಿಲ್ಲ, ಮುಖ ತಿರುಗಿಸಿದ. ಅವನಾದರೂ ಸಿಟ್ಟನ್ನು ನೆಟ್ಟಗೆ ಮುಖಕ್ಕೆ ತೋರಿಸಿದ, ಒಳ್ಳೆಯದೇ ಆಯಿತು.

ಹೊರಡುವಾಗ ಇವರು ಹಿಂದಿನಿಂದ ಕೇಳಿದರು, "ಹುಲ್ಲು ಎಷ್ಟುದ್ದ ಬಂದಿದೆ?"

ಜುಲೈ ೧೨

ಮೇಡಂ ಹಿಂಡನ್ನು ಬಿಟ್ಟುಕೊಟ್ಟರು. ಎರಡು ದಿನ ಅದು ಇಡೀ ಇಳಿಜಾರನ್ನು ಮೇಯ್ದಿತು. ಕ್ಷೌರದವನು ಕತ್ತರಿಸಿದ ಹಾಗೆ ನೆಲ ಬೋಳಾಯಿತು. ಇಲಿಯ ಓಣಿಗಳೆಲ್ಲ ಬಯಲಾದವು. ಮೇಲೆ ಹದ್ದೊಂದು ಸುತ್ತಲು ಶುರುಮಾಡಿತು.

ಇವರೇ ಹೇಳಿದ್ದು: ಹಿಕ್ಕೆಯನ್ನು ನೀರಿನಲ್ಲಿ ಕಲಸಿ, ಬೀಜವನ್ನು ಅದರಲ್ಲಿ ಅದ್ದಿ ಬಿತ್ತು, ಇಲಿಗೆ ಬೀಜದ ವಾಸನೆ ಸಿಗಲ್ಲ ಎಂದು. ಇಬ್ಬರೂ ಮೊಣಕೈವರೆಗೆ ಅದ್ದಿಕೊಂಡು ಕೂತೆವು. ಅತ್ತೆ ಮೂಗಿಗೆ ಸೆರಗು ಹಿಡಿದು, "ಮದುವೇಲೂ ಇಷ್ಟು ಹತ್ತಿರ ಕೂತಿರ್ಲಿಲ್ಲ ನೀವು," ಎಂದರು.

ಕೊನೆಯ ಬೀಜದವರೆಗೂ ಬಿತ್ತಿದೆವು. ಸಾಲು ಇಲ್ಲ, ಕಡ್ಡಿ ಇಲ್ಲ, ಕಲ್ಲು ಕೂಡ ಇಟ್ಟಿಲ್ಲ. ಎಲ್ಲಿ ಮಣ್ಣು ಸಿಕ್ಕಿತೋ ಅಲ್ಲಿ. ಮುಗಿದ ಮೇಲೆ ತಿರುಗಿ ನೋಡಿದರೆ ಏನೂ ಮಾಡಿದ ಹಾಗೇ ಇಲ್ಲ. ಡ್ರಮ್ಮಿನಲ್ಲಿ ಬರೀ ಮರಳು.

ಇನ್ನು ಹಿಂಡು ಹೊಳೆದಂಡೆಗೇ. ಜಡ್ಜ್ ಕುತ್ತಿಗೆಗೆ ಹಗ್ಗ ಹಾಕಿ ಇವರು ಕೈಯಲ್ಲೇ ಹಿಡಿದುಕೊಂಡು ಓಡಾಡುತ್ತಾರೆ.

ಜುಲೈ ೨೯

ಏನೂ ಇಲ್ಲ.

ಆಗಸ್ಟ್ ೧೦

ಏನೂ ಇಲ್ಲ. ಹುಲ್ಲು ಮಾತ್ರ ಇದೆ. ಹುಲ್ಲಿಗೇನು ದಾಡಿ, ಯಾರೂ ಬಿತ್ತದೆ ಬರುತ್ತದೆ.

ಆಗಸ್ಟ್ ೨೧

ಕ್ವಾರಿಯವರು ಬಂದಿದ್ದರು. ಮೂರು ಜನ, ಅಳತೆ ಟೇಪು, ಕೆಂಪು ಬಣ್ಣದ ಡಬ್ಬಿ. ಇನ್ನೂ ತೀರ್ಮಾನವಾಗಿಲ್ಲವಲ್ಲ ಎಂದೆ. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಅಕ್ಕ," ಎಂದ ಒಬ್ಬ, ನಗುನಗುತ್ತಲೇ. ನಗುನಗುತ್ತಲೇ ನಾಲ್ಕು ಮುದಿಮರಗಳ ಮೇಲೆ ಕೆಂಪು ಗೆರೆ ಎಳೆದು ಹೋದರು. ಇಳಿಯುವಾಗ ಒರತೆಯಲ್ಲಿ ಬಾಯಿಹಾಕಿ ನೀರು ಕುಡಿದು, ಎಷ್ಟು ತಣ್ಣಗಿದೆ ಎಂದು ಹೊಗಳಿದರು.

ಅವರು ಹೋದ ಮೇಲೆ ಗೆರೆಯನ್ನು ತೊಳೆಯಲು ನೋಡಿದೆ. ಹೋಗಲಿಲ್ಲ. ತಿಕ್ಕಿದಷ್ಟೂ ಹರಡಿತು.

ಸೆಪ್ಟೆಂಬರ್ ೧೭

ಒಂದು! ಹುಲ್ಲಿನೊಳಗೆ ಮಂಡಿಯೂರಿ ತೆವಳುವಾಗ ಕೈಗೆ ಸಿಕ್ಕಿತು. ಗೇಣುದ್ದ, ನಾಲ್ಕು ಎಲೆ. ಎಲೆಯ ಬೆನ್ನು ಎಳೆಗೆಂಪು. ಮುಟ್ಟಲು ಹೆದರಿಕೆಯಾಗಿ ಪಕ್ಕದ ಹುಲ್ಲನ್ನು ಮುಟ್ಟಿ ಕೂತೆ.

ಸೆಪ್ಟೆಂಬರ್ ೨೮

ದಿನವೂ ತೆವಳುತ್ತಿದ್ದೇನೆ. ಹನ್ನೊಂದು ಸಿಕ್ಕಿವೆ. ಮಂಡಿಯ ಚರ್ಮ ಹೋಗಿದೆ. ಹುಲ್ಲು ಕತ್ತರಿಸಿ ನೋಡೋಣವೆಂದರೆ ಕುಡುಗೋಲಿಗೆ ಸಸಿಯೂ ಒಂದೇ, ಹುಲ್ಲೂ ಒಂದೇ. ಮೊದಲ ದಿನವೇ ಒಂದನ್ನು ನಾನೇ ಕೊಯ್ದುಬಿಟ್ಟೆ. ಕುಡುಗೋಲು ಎಸೆದೆ.

ಇವತ್ತು ನರ್ಸರಿಯಲ್ಲಿ ಚೀಲದ ಸಸಿಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಅದೇ ಜಾತಿ. ಇನ್ನೂರು ಹೊತ್ತುಕೊಂಡು ಹೋಗಿ ಚುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ? ಮೇಡಂ ಎಣಿಸಿಕೊಂಡು ಹೋಗುತ್ತಾರೆ. ಬೇಲಿ ಬರುತ್ತದೆ. ಬೇಲಿಯೊಳಗೆ ಅವು ಬೇರು ಸುತ್ತಿಕೊಂಡು ಸಾಯುತ್ತವೆ. ಸತ್ತರೆ ಸಾಯಲಿ, ಕ್ವಾರಿಯಂತೂ ತಪ್ಪುತ್ತದಲ್ಲ ಎಂದುಕೊಂಡು ಒಂದು ಬುಟ್ಟಿ ತುಂಬಿಯೂ ಬಿಟ್ಟೆ. ಆಮೇಲೆ ಒಂದೊಂದೇ ವಾಪಸ್ ಇಟ್ಟೆ. ದೊಡ್ಡ ಸತ್ಯವಂತೆ ಎಂದಲ್ಲ. ಮೇಡಂ ಅವತ್ತು ನನ್ನನ್ನು ಕೂಡಿಸಿ ಕೇಳಿದ್ದರು, ಅದು ನೆನಪಾಯಿತು.

ಇವರಿಗೆ ಹೇಳಿದೆ. ಮಂಡಿಗೆ ಎಣ್ಣೆ ಬಿಸಿಮಾಡಿ ಕೊಟ್ಟರು.

ಅಕ್ಟೋಬರ್ ೪

ನಾಳೆ ಎಣಿಕೆ. ಹತ್ತೊಂಬತ್ತು. ಮುಗಿಯಿತು, ಇನ್ನೇನೂ ಇಲ್ಲ.

ಅತ್ತೆ ಒರತೆಗೆ ತಾವೇ ಹೋಗಿ ಒಂದು ತಂಬಿಗೆ ನೀರು ತಂದು ನನಗೆ ಕುಡಿಸಿದರು.

ಅಕ್ಟೋಬರ್ ೫

ಇವತ್ತಿನದ್ದು ಎಲ್ಲ ಬರೆಯಬೇಕು.

ಮೇಡಂ ಒಬ್ಬ ಗುಮಾಸ್ತರ ಜೊತೆ ಬಂದರು. ಸಿಕ್ಕ ಹತ್ತೊಂಬತ್ತನ್ನೂ ತೋರಿಸಿದೆ. ಆಮೇಲೆ ಎಲ್ಲರೂ ಹುಲ್ಲಿನೊಳ‌ಗೆ ಬಗ್ಗಿ ಹುಡುಕಿದೆವು. ಗುಮಾಸ್ತರು ಒಂದು ಹುಡುಕಿದರು. ಮೇಡಂ ಎರಡು ಹುಡುಕಿ ನೆಟ್ಟಗೆ ನಿಂತು ಸೊಂಟ ಹಿಡಿದುಕೊಂಡರು.

"ಅಮ್ಮ, ನೀವು ಬಿತ್ತಿದ್ದೀರಿ ಅಂತ ನಾನು ನಂಬ್ತೀನಿ," ಎಂದರು. "ಆದ್ರೆ ನಂಬಿಕೇನ ಎಣಿಸಿ ಬರೆಯೋಕೆ ನನಗೆ ಅಧಿಕಾರ ಇಲ್ಲ." ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ಅವರನ್ನು ದೂರುವುದಿಲ್ಲ.

ಆಗ ಕೆಳಗಿನಿಂದ ಗಂಟೆಯ ಸದ್ದು. ಇವರು ಜಡ್ಜ್‌ನನ್ನು ಗಿಡ್ಡ ಹಗ್ಗದಲ್ಲಿ ಹಿಡಿದು ಹತ್ತಿ ಬರುತ್ತಿದ್ದರು. ಅವನ ಮೂತಿಗೆ ಬಲೆಯ ಚೀಲ ಬಿಗಿಯಾಗಿ ಕಟ್ಟಿತ್ತು. ಗುಮಾಸ್ತರು ಹೌಹಾರಿ, "ಏಯ್, ಮೇಕೆ ತರಬೇಡಪ್ಪಾ ಇಲ್ಲಿಗೆ!" ಎಂದು ಕೂಗಿದರು.

"ಬಾಯಿ ಕಟ್ಟಿದ್ದೀನಿ ಸಾರ್," ಎಂದರು ಇವರು. ಮೇಡಂ ಕಡೆ ತಿರುಗಿ, "ಮೇಡಂ, ಸೊಪ್ಪು ಇದ್ರೆ ಈ ಮಗ ಹುಲ್ಲನ್ನ ಕಣ್ಣೆತ್ತಿ ನೋಡಲ್ಲ. ಎಳೆ ಎಲೆ ಎಲ್ಲಿದ್ರೂ ಮೂಗು ಅಲ್ಲಿಗೇ ಹೋಗುತ್ತೆ. ಜೀವಮಾನವೆಲ್ಲ ನಮ್ಮ ಮನೆಯೋಳ ಹತ್ರ ಅದಕ್ಕೇ ಬೈಸ್ಕೊಂಡಿದ್ದಾನೆ. ಸ್ವಲ್ಪ ಅವನ ಹಿಂದೆ ಬನ್ನಿ."

ಹಗ್ಗ ಸಡಿಲ ಬಿಟ್ಟರು. ಜಡ್ಜ್ ಒಂದು ಸಲ ಗಾಳಿ ಮೂಸಿ, ನನ್ನನ್ನು ಅದೇ ನಂಬದ ಕಣ್ಣಿನಿಂದ ನೋಡಿ, ನೇರ ಎಡಕ್ಕೆ ನುಗ್ಗಿದ. ಹುಲ್ಲಿನೊಳಗೆ ಮೂತಿ ತುರುಕಿ ನಿಂತ. ಇವರು ಅವನ ಗಡ್ಡ ಹಿಡಿದು ಹಿಂದಕ್ಕೆಳೆದು ಹುಲ್ಲು ಬಿಡಿಸಿದರು. "ಇಲ್ಲೊಂದು."

ನಾಲ್ಕು ಎಲೆ, ಬೆನ್ನು ಎಳೆಗೆಂಪು.

"ಇಲ್ಲೊಂದು. ಇಲ್ಲಿ ಎರಡು. ತಡೀರಿ, ಎಳೀತಾನೆ, ಇಲ್ಲೂ ಇದೆ."

ಗುಮಾಸ್ತರು ಲೆಕ್ಕ ತಪ್ಪಬಾರದೆಂದು ಗುರುತಿಗೆ ಒಂದು ಕಡ್ಡಿ ಮುರಿದು ನೆಡಲು ಹೋದರು. "ಕಡ್ಡಿ ಬೇಡ!" ಎಂದು ನಾನು ಕಿರುಚಿದ್ದಕ್ಕೆ ಜಡ್ಜೇ ಬೆಚ್ಚಿಬಿದ್ದ. ಕೊನೆಗೆ ಸಿಕ್ಕ ಸಸಿಗೆ ಒಂದು ಹರಳುಕಲ್ಲು ಎಂದು ಮೇಡಂ ತಮ್ಮ ಕೈಚೀಲದೊಳಗೆ ಹಾಕಿಕೊಳ್ಳುತ್ತ ಬಂದರು. ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ನಡೆದೆವು. ದೊಡ್ಡ ಬಂಡೆಯ ಬುಡದಲ್ಲಿ ಒಂದು ಗುಂಪೇ ಸಿಕ್ಕಿತು. ಅಲ್ಲಿ ನಾವು ಬಿತ್ತಿರಲೇ ಇಲ್ಲ. ನನ್ನ ಮೊದಲ ಸುತ್ತಿನ ಬೀಜವನ್ನು ಅಳಿಲು ಕದ್ದು ಅಲ್ಲಿ ಬಚ್ಚಿಟ್ಟು ಮರೆತಿರಬೇಕು. ಕಳ್ಳ ಬಡ್ಡಿಮಗಂದು! ಎಷ್ಟು ಬೈದಿದ್ದೆ ಅದಕ್ಕೆ.

ಮಧ್ಯಾಹ್ನ ಚೀಲ ಸುರಿದು ಎಣಿಸಿದರು. ಇನ್ನೂರು ದಾಟಿ ಮುಂದೆ ಹೋಗಿತ್ತು. ಇನ್ನೂ ಕೆಳಗಿನ ಪಟ್ಟಿ ಬಾಕಿಯಿತ್ತು. ನಾನು ಅಲ್ಲೇ ಕೂತು ಜೋರಾಗಿ ಅತ್ತೆ. ಯಾರೂ ಬೇಡವೆನ್ನಲಿಲ್ಲ. ಪಾಪ, ಜಡ್ಜ್ ಬೆಳಿಗ್ಗೆಯಿಂದ ಊಟದ ಮನೆಯೊಳಗೇ ಓಡಾಡಿದ್ದ, ಒಂದು ತುತ್ತೂ ಸಿಗಲಿಲ್ಲ.

ಮೇಡಂ ಇವರ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬೇಲಿ ಬರುತ್ತೆ. ಕ್ವಾರಿ ಬರಲ್ಲ. ಆದ್ರೆ ಇನ್ನು ಈ ಗುಡ್ಡದಲ್ಲಿ ಮೇಯಿಸೋ ಹಾಗಿಲ್ಲ. ಇವು ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರ ಆಗೋವರೆಗೂ. ವರ್ಷಗಟ್ಟಲೆ ಆಗುತ್ತೆ. ಹೊಳೆದಂಡೇನೂ ಬೇಸಿಗೇಲಿ ಸಾಕಾಗಲ್ಲ."

"ಗೊತ್ತು ಮೇಡಂ," ಎಂದರು ಇವರು.

ಅಳು ನಿಂತುಹೋಯಿತು. ಗೊತ್ತಿತ್ತು. ಮೂತಿಗೆ ಚೀಲ ಕಟ್ಟುವಾಗಲೇ ಗೊತ್ತಿತ್ತು, ಹಗ್ಗ ಹಿಡಿದು ಹತ್ತುವಾಗಲೇ ಗೊತ್ತಿತ್ತು. ಕೆಳಗೇ ಉಳಿದುಕೊಂಡಿದ್ದರೆ ಬೇಸಿಗೆಗೆ ಈ ಗುಡ್ಡದ ಮೇವಾದರೂ ಇರುತ್ತಿತ್ತು, ಕಲ್ಲು ಒಡೆಯಲು ಬರುವವರೆಗಾದರೂ. ಬಂದು ತಮ್ಮ ಹೋತನ ಕೈಯಿಂದಲೇ ತಮ್ಮ ಬಾಗಿಲು ಹಾಕಿಸಿಕೊಂಡರು.

ದಾರಿಯಲ್ಲಿ ಕೇಳಿದೆ, ಯಾಕೆ ರೀ ಎಂದು.

"ನಿನ್ನ ಮಂಡಿ ನೋಡೋಕೆ ಆಗ್ತಿರ್ಲಿಲ್ಲ," ಎಂದರು.

ಅಕ್ಟೋಬರ್ ೧೧

ಹೊಳೆಯಾಚೆ ಇರುವ ನಾದಿನಿ ಬಂದು ಹಿಂಡು ಹೊಡೆದುಕೊಂಡು ಹೋದಳು. ಅವರ ಕಡೆ ಬೀಳುಭೂಮಿ ಬೇಕಾದಷ್ಟಿದೆ. ಜಡ್ಜ್‌ನನ್ನು ಮಾತ್ರ ಇಟ್ಟುಕೊಂಡೆವು. ವಯಸ್ಸಾಯಿತು, ಹೊಳೆ ದಾಟಿಸಬೇಡ ಎಂದು ನಾನೇ ಹೇಳಿದೆ.

ಸಂಜೆ ಇವರು ಅವನ ಮುಂಗಾಲೆರಡನ್ನೂ ಎತ್ತಿ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದರು. ಮೂತಿ ಎಲ್ಲಿಗೆ ಎಟುಕುತ್ತದೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆದರು. "ಇಷ್ಟು ಬೆಳೀಬೇಕು. ಆಮೇಲೆ ಬಿಡಬಹುದು." ನನ್ನ ತಲೆಗಿಂತ ಮೇಲೆ. ಸಸಿಗಳು ಗೇಣುದ್ದ. ಅತ್ತೆ ಗೆರೆ ನೋಡಿ, "ಅಷ್ಟರಲ್ಲಿ ಜಡ್ಜೂ ಇರಲ್ಲ, ನಾನೂ ಇರಲ್ಲ. ಬಾಗಿಲು ಮಾತ್ರ ಗಲೀಜು ಮಾಡಿದೆ ನೋಡು," ಎಂದು ಮಗನನ್ನು ಗದರಿದರು.

ಅಕ್ಟೋಬರ್ ೧೨

ಬೆಳಿಗ್ಗೆ ಇವರು ಎದ್ದು, ದಿನದ ಹಾಗೆ ಕೊಟ್ಟಿಗೆಯ ಗೇಟು ತೆಗೆದು, ಹಿಂಡು ಹೊರಗೆ ಬರಲು ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು. ಜಡ್ಜ್ ಒಬ್ಬನೇ ಬಂದ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಿಂದೆ ತಿರುಗಿ ನೋಡಿ, ಉಳಿದವರು ಬರಲಿ ಎಂದು ಕಾಯುತ್ತ ನಿಂತ. ಇವರೂ ನಿಂತೇ ಇದ್ದರು. ಗೇಟು ಹಾಕಬೇಕೋ ಬೇಡವೋ ತಿಳಿಯದೆ ಕೈ ಅದರ ಮೇಲೇ ಇತ್ತು.

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಉಕ್ಕಲಿ ಎಂದು ಬಿಟ್ಟು ಹೋಗಿ ಪಕ್ಕದಲ್ಲಿ ನಿಂತೆ.

"ಬನ್ನಿ," ಎಂದೆ. "ಗುಡ್ಡದ ಮೇಲೆ ಹೋಗಿ ಬರೋಣ. ಅವನ ಬಾಯಿ ಕಟ್ಟಿ."